ಕಾಂಕ್ರೀಟಿಗೆ 4 ಡಿಗ್ರಿ, ಕೆಲಸಗಾರರಿಗೆ ಮೈನಸ್ 26: ಚಳಿಯಲ್ಲಿ ಕಟ್ಟಡ ಕಟ್ಟುವವರ ಲೆಕ್ಕ

ಚಳಿ ದೇಶಗಳ ಕಟ್ಟಡ ಸೈಟುಗಳಲ್ಲಿ ಚಳಿಗಾಲದ ಬೆಳಗ್ಗೆ ಒಂದು ನೋಟ ಕಾಣಸಿಗುತ್ತದೆ. ಹಿಂದಿನ ಸಂಜೆ ಹಾಕಿದ ಸ್ಲ್ಯಾಬಿನ ಮೇಲೆ ದಪ್ಪನೆಯ ಹೊದಿಕೆ ಹಾಸಿರುತ್ತಾರೆ. ಅಂಚು ಗಾಳಿಗೆ ಏಳದಿರಲಿ ಅಂತ ಅಲ್ಲಲ್ಲಿ ಹಲಗೆ ಹೇರಿರುತ್ತಾರೆ. ಹೊದಿಕೆಯಡಿಯಿಂದ ಒಂದು ಸಣ್ಣ ವೈರ್ ಹೊರಗೆ ಬಂದಿರುತ್ತದೆ. ಅದರ ಇನ್ನೊಂದು ತುದಿ ಕಾಂಕ್ರೀಟಿನೊಳಗೆ ಹುದುಗಿರುತ್ತದೆ. ಎಂಜಿನಿಯರ್ ಬಂದು ಆ ವೈರಿಗೆ ಮೀಟರ್ ಹಚ್ಚಿ, ಒಳಗಿನ ಉಷ್ಣಾಂಶ ನೋಡಿ, ಗಂಟೆ ಸಮೇತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲೇ ನಾಲ್ಕು ಹೆಜ್ಜೆ ಆಚೆ ಕಂಬಿ ಕಟ್ಟುವವನೊಬ್ಬ ಗ್ಲೌಸ್ ಬಿಚ್ಚಿ, ಎರಡೂ ಕೈಯನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಳ್ಳುತ್ತಿರುತ್ತಾನೆ. ಅವನ ಬೆರಳು ಎಷ್ಟು ತಣ್ಣಗಾಗಿದೆ ಅಂತ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಚಳಿಯಲ್ಲಿ ಕಟ್ಟಡ ಕೆಲಸ ಅಂದ ಕೂಡಲೇ ನಾವು ಬೆಚ್ಚನೆಯ ಬಟ್ಟೆ, ಒಳ್ಳೆಯ ಬೂಟು ಅಂತ ಮಾತು ಶುರು ಮಾಡುತ್ತೇವೆ. ಅವು ಬೇಕೇ ಬೇಕು. ಆದರೆ ಸಮಸ್ಯೆಯ ಬೇರು ಬಟ್ಟೆಯಲ್ಲಿಲ್ಲ, ಲೆಕ್ಕದಲ್ಲಿದೆ. ಕಾಂಕ್ರೀಟನ್ನು ಚಳಿಯಿಂದ ಕಾಪಾಡುವ ಖರ್ಚು ಯಾರದು ಅನ್ನುವುದು ಕೆಲಸ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಕೆಲಸಗಾರರನ್ನು ಕಾಪಾಡುವ ಖರ್ಚು ಯಾರದು ಅನ್ನುವುದು ಹೆಚ್ಚಿನ ಕಡೆ ತೀರ್ಮಾನವೇ ಆಗಿಲ್ಲ. ಹಾಗಾಗಿ ಅದು ಸುಮ್ನೆ ಅವರ ಮೈಮೇಲೇ ಬೀಳುತ್ತದೆ.

ಮೊದಲು ಕಾಂಕ್ರೀಟಿನ ಕಥೆ ನೋಡೋಣ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಆ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಕ್ರಿಯೆ ನಿಧಾನವಾಗುತ್ತದೆ. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಇನ್ನೂ ಬಿಗಿಯಾಗದ ಕಾಂಕ್ರೀಟ್ ಆ ಹಿಗ್ಗುವಿಕೆಯನ್ನು ತಡೆಯಲಾರದೆ ಒಳಗೊಳಗೇ ಬಿರುಕು ಬಿಡುತ್ತದೆ. 3.5 ಮೆಗಾಪಾಸ್ಕಲ್‌ನಷ್ಟು ಬಲ ಬರುವ ಮೊದಲೇ ಹೀಗೆ ಹೆಪ್ಪುಗಟ್ಟಿದರೆ, ಮುಂದೆ ಬರಬೇಕಾದ ಬಲದಲ್ಲಿ ಅರ್ಧದವರೆಗೂ ಕಳೆದುಹೋಗಬಹುದು. ಆಮೇಲೆ ಎಷ್ಟು ಕ್ಯೂರಿಂಗ್ ಮಾಡಿದರೂ ಅದು ವಾಪಸ್ ಬರುವುದಿಲ್ಲ.

ಅದಕ್ಕೇ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಒಂದು ಗೆರೆ ಎಳೆದಿದೆ. ಗಾಳಿಯ ಉಷ್ಣಾಂಶ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಿದ್ದರೆ, ಅಥವಾ ಇಳಿಯಬಹುದು ಅಂತ ಅನಿಸಿದರೂ ಸಾಕು, ಅದು ಚಳಿ ಹವೆಯ ಕೆಲಸ. ಆಗ ಬಿಸಿ ನೀರು ಬಳಸಬೇಕು, ಹೊದಿಕೆ ಹಾಕಬೇಕು, ಬೇಕಾದರೆ ಟೆಂಟ್ ಕಟ್ಟಿ ಹೀಟರ್ ಇಡಬೇಕು, ಉಷ್ಣಾಂಶ ಅಳೆದು ದಾಖಲೆ ಇಡಬೇಕು. 4 ಡಿಗ್ರಿ ಅಂದರೆ ನೀರು ಹೆಪ್ಪುಗಟ್ಟುವುದಕ್ಕೂ ಮೊದಲಿನ ಹಂತ. ಅಪಾಯ ಬರುವ ಮುಂಚೆಯೇ ಎಚ್ಚರ.

ಇದು ಅತಿಯಾದ ಎಚ್ಚರಿಕೆ ಅಂತ ಅನಿಸಿದರೆ 1978ರ ಏಪ್ರಿಲ್ 27ನ್ನು ನೆನಪಿಸಿಕೊಳ್ಳಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲ್ಯಾಂಡ್‌ನಲ್ಲಿ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಕಟ್ಟುತ್ತಿದ್ದರು. ದಿನಕ್ಕೊಂದು ಸುತ್ತು ಕಾಂಕ್ರೀಟ್ ಹಾಕುತ್ತಾ ಮೇಲೆ ಹೋಗುವ ಕೆಲಸ. ಸಾರುವೆ ನೆಲದಿಂದ ಎದ್ದದ್ದಲ್ಲ. ಗೋಪುರದ ಗೋಡೆಗೇ ಬೋಲ್ಟ್ ಹಾಕಿ ಕಟ್ಟಿದ್ದು. ಅಂದರೆ ನಿನ್ನೆ ಹಾಕಿದ ಕಾಂಕ್ರೀಟೇ ಇವತ್ತು ಕೆಲಸಗಾರರನ್ನು ಹೊರಬೇಕು. ಹಿಂದಿನ ರಾತ್ರಿ ಚಳಿ ಇತ್ತು. ಕಾಂಕ್ರೀಟಿಗೆ ಸಾಕಷ್ಟು ಬಲ ಬಂದಿರಲಿಲ್ಲ. ಬೆಳಗ್ಗೆ ಮುಂದಿನ ಸುತ್ತಿನ ಕೆಲಸ ಶುರುವಾದಾಗ ಮೇಲಿನ ಸುತ್ತು ಕಿತ್ತುಕೊಂಡು, ಸಾರುವೆ ಪೂರ್ತಿ ಸುತ್ತಲೂ ಕಳಚಿ ಬಿತ್ತು. ಅದರ ಮೇಲಿದ್ದ 51 ಜನ ಸತ್ತರು. ಕಾಂಕ್ರೀಟಿಗೆ ಚಳಿ ಆದರೆ ಏನಾಗುತ್ತದೆ ಅನ್ನುವುದನ್ನು ತನಿಖೆಯ ವರದಿ ಬಿಡಿಸಿ ಹೇಳಿತು.

ಈಗ ಮನುಷ್ಯರ ಕಡೆ ಬರೋಣ. ಅವರಿಗೂ ಒಂದು ಪಟ್ಟಿ ಇದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ತಯಾರಾದ ಅದನ್ನು ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ತನ್ನ ಶಿಫಾರಸಿನಲ್ಲಿ ಸೇರಿಸಿಕೊಂಡಿದೆ. ನಾಲ್ಕು ಗಂಟೆಯ ಪಾಳಿಯಲ್ಲಿ ಎಷ್ಟು ಹೊತ್ತು ಹೊರಗೆ ಇರಬಹುದು, ಎಷ್ಟು ಸಲ ಒಳಗೆ ಬಂದು 10 ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಬೇಕು ಅನ್ನುವ ಲೆಕ್ಕ ಅದು. ಒಣ ಬಟ್ಟೆ ತೊಟ್ಟು ಸಾಕಷ್ಟು ಓಡಾಡುತ್ತಾ ಕೆಲಸ ಮಾಡುವವರಿಗೆ ಅಂತ ಮಾಡಿದ್ದು. ಆ ಪಟ್ಟಿ ಶುರುವಾಗುವುದೇ ಮೈನಸ್ 26 ಡಿಗ್ರಿಯಿಂದ. ಗಾಳಿ ಇಲ್ಲದಿದ್ದರೆ ಅಲ್ಲೂ ಮಾಮೂಲಿ ವಿರಾಮ ಸಾಕು ಅನ್ನುತ್ತದೆ. ಮೈನಸ್ 32ಕ್ಕೆ ಬಂದಾಗ ಒಂದು ಸಲಕ್ಕೆ 75 ನಿಮಿಷ ಮಾತ್ರ ಕೆಲಸ, ಎರಡು ವಿರಾಮ. ಮೈನಸ್ 43ಕ್ಕೆ ತುರ್ತು ಕೆಲಸ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸಬೇಕು. ಗಾಳಿ ಬೀಸಿದರೆ ಲೆಕ್ಕ ಬೇಗ ಬಿಗಿಯಾಗುತ್ತದೆ. ಗಂಟೆಗೆ 32 ಕಿಲೋಮೀಟರ್ ಗಾಳಿ ಇದ್ದರೆ ಮೈನಸ್ 26ರಲ್ಲೇ 40 ನಿಮಿಷಕ್ಕಿಂತ ಜಾಸ್ತಿ ಹೊರಗಿರುವಂತಿಲ್ಲ.

ಪಟ್ಟಿ ಕೆಟ್ಟದ್ದಲ್ಲ. ಅತಿ ಚಳಿಯ ಪ್ರದೇಶದಲ್ಲಿ ಅದರಿಂದ ಜೀವ ಉಳಿಯುತ್ತದೆ. ಆದರೆ ಕಾಂಕ್ರೀಟಿನ ವಿಶೇಷ ನಿಯಮ ಪ್ಲಸ್ 4ಕ್ಕೆ ಶುರು, ಮನುಷ್ಯರ ವಿರಾಮದ ಪಟ್ಟಿ ಮೈನಸ್ 26ಕ್ಕೆ ಶುರು. ನಡುವೆ 30 ಡಿಗ್ರಿ ಇದೆ ಅಲ್ವಾ? ಚಳಿಗಾಲದ ಕಟ್ಟಡ ಕೆಲಸದ ಬಹುಪಾಲು ನಡೆಯುವುದು ಆ 30 ಡಿಗ್ರಿಯೊಳಗೇ.

ಬೆರಳಿನ ತುದಿಯಲ್ಲಿ ಏನಾಗುತ್ತದೆ

ನಮ್ಮ ಮೈಯ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ವೈದ್ಯರು ಹೈಪೋಥರ್ಮಿಯಾ ಅನ್ನುತ್ತಾರೆ. ಅಲ್ಲಿಗೆ ಬಾರದಂತೆ ಮೈ ತನ್ನ ಕೈಲಾದ್ದೆಲ್ಲ ಮಾಡುತ್ತದೆ. ಮೊದಲ ಉಪಾಯ ಅಂದರೆ ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುವುದು. ಬಿಸಿ ರಕ್ತವನ್ನು ಹೃದಯ, ಮೆದುಳು, ಹೊಟ್ಟೆಯ ಸುತ್ತ ಉಳಿಸಿಕೊಂಡು, ಬೆರಳುಗಳನ್ನು ಅವುಗಳ ಪಾಡಿಗೆ ಬಿಡುವುದು. ಜೀವ ಉಳಿಸಿಕೊಳ್ಳಲು ಇದು ಸರಿಯಾದ ನಿರ್ಧಾರ. ಆದರೆ ಕಟ್ಟಡ ಕೆಲಸದವರ ಹೊಟ್ಟೆಪಾಡು ನಡೆಯುವುದೇ ಆ ಬೆರಳುಗಳಿಂದ.

ಕಂಬಿ ಕಟ್ಟುವುದನ್ನೇ ಹತ್ತಿರದಿಂದ ನೋಡಿ. ಎರಡು ಕಂಬಿ ಕೂಡುವ ಕಡೆ ಬೈಂಡಿಂಗ್ ವೈರನ್ನು ಮಡಚಿ, ಕೆಳಗಿನಿಂದ ತೂರಿಸಿ, ಎರಡು ತುದಿಯನ್ನು ಹಿಡಿದು, ಕೊಕ್ಕೆ ಹಾಕಿ ತಿರುಚಬೇಕು. ಕೆಲವೇ ಸೆಕೆಂಡಿನ ಕೆಲಸ. ಆದರೆ ಒಂದು ಸ್ಲ್ಯಾಬಿನಲ್ಲಿ ಇಂಥ ಗಂಟು ಸಾವಿರಾರು. ವೈರ್ ತೆಳ್ಳಗಿರುತ್ತದೆ. ದಪ್ಪ ಗ್ಲೌಸ್ ಹಾಕಿದರೆ ಅದು ಬೆರಳಿಗೆ ಸಿಗುವುದೇ ಇಲ್ಲ. ಹಾಗಾಗಿ ಎಷ್ಟೋ ಜನ ಎಡಗೈಗೆ ಗ್ಲೌಸ್ ಇಟ್ಟುಕೊಂಡು ಬಲಗೈಯದನ್ನು ಬಿಚ್ಚಿಬಿಡುತ್ತಾರೆ. ಬರಿಗೈ ಕಬ್ಬಿಣವನ್ನು ಮುಟ್ಟುತ್ತದೆ. ಹಲಗೆಯೂ ಕಂಬಿಯೂ ರಾತ್ರಿಯಿಡೀ ಅದೇ ಚಳಿಯಲ್ಲಿ ಬಿದ್ದಿದ್ದರೂ ಕಂಬಿಯೇ ಜಾಸ್ತಿ ಕೊರೆಯುತ್ತದೆ, ಯಾಕೆಂದರೆ ಕಬ್ಬಿಣ ಕೈಯ ಶಾಖವನ್ನು ಮರಕ್ಕಿಂತ ಎಷ್ಟೋ ಪಾಲು ವೇಗವಾಗಿ ಎಳೆದುಕೊಳ್ಳುತ್ತದೆ. ಮೇಲೆ ಇಬ್ಬನಿಯೋ ಹಿಮದ ಪುಡಿಯೋ ಕೂತಿದ್ದರೆ ಕೈಯೂ ಒದ್ದೆ.

ಬೆರಳಿನ ಚರ್ಮದ ಉಷ್ಣಾಂಶ 15 ಡಿಗ್ರಿಗಿಂತ ಕೆಳಗೆ ಇಳಿದರೆ ಸಣ್ಣ ಕೆಲಸದ ಚುರುಕು ಎದ್ದು ಕಾಣುವಷ್ಟು ತಗ್ಗುತ್ತದೆ. ಇನ್ನೂ ಇಳಿದು 8 ಡಿಗ್ರಿಯ ಆಸುಪಾಸಿಗೆ ಬಂದರೆ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. ಕೈ ಮರಗಟ್ಟುತ್ತದೆ. ಆಗ ಒಂದು ವಿಚಿತ್ರ ನಡೆಯುತ್ತದೆ: ನೋವು ಕಡಿಮೆಯಾಗುತ್ತದೆ. ಚುಚ್ಚುತ್ತಿದ್ದ ಚಳಿ ಮಾಯವಾಗಿ, ಅಭ್ಯಾಸವಾಯಿತು ಅಂತ ಅನಿಸುತ್ತದೆ. ಅಭ್ಯಾಸವಾಗಿರುವುದಿಲ್ಲ. ಬಿಸಿಲಿಗೆ ಮೈ ಒಂದೆರಡು ವಾರದಲ್ಲಿ ಚೆನ್ನಾಗಿ ಒಗ್ಗಿಕೊಳ್ಳುತ್ತದೆ, ಚಳಿಗೆ ಅಷ್ಟು ಒಗ್ಗುವುದಿಲ್ಲ.

ಹೀಗೆ ಮರಗಟ್ಟಿದ ಕೈಯೇ ಸೇಫ್ಟಿ ಬೆಲ್ಟಿನ ಹುಕ್ಕನ್ನು ಹಗ್ಗಕ್ಕೆ ಹಾಕಬೇಕು. ಹುಕ್ಕು ಕೂತಿತಾ ಇಲ್ಲವಾ ಅಂತ ಬೆರಳು ಹೇಳುವುದಿಲ್ಲ. ಅದೇ ಕೈ ಏಣಿಯ ಮೆಟ್ಟಿಲು ಹಿಡಿಯಬೇಕು, ಕತ್ತರಿಸುವ ಮೆಷಿನ್ನಿನ ಸ್ವಿಚ್ ಬಿಡಬೇಕು. ಸಾರುವೆಯ ಹಲಗೆ ಮೇಲೆ ಗಾಜಿನಂಥ ಮಂಜು. ಚಳಿಗಾಲದ ಹಗಲು ಚಿಕ್ಕದು, ಸಂಜೆಯ ಕೊನೆಯ ಗಂಟೆ ಮಬ್ಬುಗತ್ತಲಲ್ಲಿ. ಇಷ್ಟೆಲ್ಲ ಸೇರಿ ಒಬ್ಬ ಬಿದ್ದರೆ ವರದಿಯಲ್ಲಿ ಬರೆಯುವುದು ಕಾಲು ಜಾರಿ ಬಿದ್ದ ಅಂತ. ಬೀಳುವ ಮೊದಲು ಅವನ ಕೈ ಎರಡು ಗಂಟೆಯಿಂದ ಮರಗಟ್ಟಿತ್ತು ಅಂತ ಬರೆಯುವುದು ತೀರಾ ಕಡಿಮೆ. ಚಳಿಯಿಂದ ಆಗುವ ಹಾನಿ ನಮಗೆ ಕಾಣದಿರುವುದಕ್ಕೆ ಇದು ದೊಡ್ಡ ಕಾರಣ ಅಂತ ನನಗನಿಸುತ್ತದೆ. ಅದು ಬೇರೆ ಹೆಸರಿನಲ್ಲಿ ದಾಖಲಾಗುತ್ತದೆ.

ಹಸಿ ಸಿಮೆಂಟಿನ ಸುಡುವಿಕೆಯೂ ಹಾಗೆಯೇ. ಹಸಿ ಕಾಂಕ್ರೀಟಿನ ಪಿಎಚ್ 12ಕ್ಕಿಂತ ಮೇಲೆ, ಅಂದರೆ ತೀಕ್ಷ್ಣ ಕ್ಷಾರ. ಬೂಟಿನೊಳಗೆ ಇಳಿದರೆ, ಮೊಣಕಾಲೂರಿದ ಕಡೆ ಪ್ಯಾಂಟು ನೆನೆದರೆ, ಚರ್ಮ ನಿಧಾನವಾಗಿ ಸುಡುತ್ತದೆ. ಚಳಿಯಿಂದ ಜೋಮು ಹಿಡಿದ ಕಾಲಿಗೆ ಅದು ಗೊತ್ತಾಗುವುದಿಲ್ಲ. ಸಂಜೆ ಬಟ್ಟೆ ಬಿಚ್ಚಿದಾಗಲೇ ಗಾಯ ಕಾಣುವುದು.

ಇನ್ನೊಂದು ಹಾನಿ ವರ್ಷಗಟ್ಟಲೆ ತಡವಾಗಿ ಬರುತ್ತದೆ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ಗೆ ಹೋದರು. ಅಲ್ಲಿ ಸುಣ್ಣಕಲ್ಲು ಕೆತ್ತುವವರು ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಬಳಸುತ್ತಿದ್ದರು. ಚಳಿ ಬಿದ್ದ ಬೆಳಗ್ಗೆ ಅವರ ಬೆರಳುಗಳು ರಕ್ತವೇ ಇಲ್ಲದಂತೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಮೆಷಿನ್ನಿನ ಕಂಪನ ಬೆರಳಿನ ರಕ್ತನಾಳ, ನರಗಳನ್ನು ಕೆಡಿಸಿರುತ್ತದೆ, ಚಳಿ ಅದನ್ನು ಹೊರಗೆ ತೋರಿಸುತ್ತದೆ. ಇವತ್ತು ಬ್ರೇಕರ್, ಡ್ರಿಲ್ಲು, ಗ್ರೈಂಡರ್ ಹಿಡಿಯುವವರಿಗೂ ಅದೇ ಕಾಯಿಲೆ ಬರುತ್ತದೆ. ಯುರೋಪಿನ 2002ರ ನಿಯಮ ದಿನದ ಕಂಪನಕ್ಕೆ ಮಿತಿ ಹಾಕಿದೆ: ಕಂಪನದ ತೀವ್ರತೆ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ ಬಂದರೆ ಎಚ್ಚರ, 5ಕ್ಕೆ ಬಂದರೆ ನಿಲ್ಲಿಸು. ಮೊದಲ ಲಕ್ಷಣದಲ್ಲೇ ಮೆಷಿನ್ ಬಿಟ್ಟರೆ ಒಳ್ಳೆಯದು. ತಡ ಮಾಡಿದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಜೀವನಪೂರ್ತಿ ಕಷ್ಟ.

ಗಾಳಿ ಮತ್ತು ನೀರು

ಗಾಳಿ ಬೀಸಿದಾಗ ಚಳಿ ಎಷ್ಟು ಅನಿಸುತ್ತದೆ ಅಂತ ಹೇಳಲು ಹವಾಮಾನ ವರದಿಯಲ್ಲಿ ಬರುವ ವಿಂಡ್ ಚಿಲ್ ಅನ್ನುವ ಸಂಖ್ಯೆ ಹುಟ್ಟಿದ್ದು ಅಂಟಾರ್ಕ್ಟಿಕಾದಲ್ಲಿ. 1940ರ ಚಳಿಗಾಲದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಲ್ಲಿನ ಶಿಬಿರದಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆದರು. 2001ರಲ್ಲಿ ಅಮೆರಿಕ, ಕೆನಡಾ ಸೇರಿ ಹೊಸ ಸೂತ್ರ ತಂದವು. ಅದರ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈನಸ್ 20ರಂತೆ ಅನಿಸುತ್ತದೆ. ಬರೀ 0 ಡಿಗ್ರಿಯಲ್ಲಿ 40 ಕಿಲೋಮೀಟರ್ ಗಾಳಿ ಇದ್ದರೂ ಮೈನಸ್ 7ರ ಹಾಗೆ.

ಉಪಯೋಗದ ಸಂಖ್ಯೆ, ಆದರೆ ಅದರ ಹಿಂದಿರುವ ಊಹೆ ಏನು ಅಂತ ತಿಳಿದಿರಬೇಕು. ಆ ಸೂತ್ರ ಲೆಕ್ಕ ಹಾಕುವುದು ಒಣ ಮುಖಕ್ಕೆ. ಆ ಮನುಷ್ಯ ತಲೆಯೆತ್ತಿ, ಮಾಮೂಲಿ ವೇಗದಲ್ಲಿ ನಡೆಯುತ್ತಿದ್ದಾನೆ ಅನ್ನುವ ಲೆಕ್ಕ. ಕಟ್ಟಡದ ಹತ್ತನೇ ಮಹಡಿಯ ಅಂಚಿನಲ್ಲಿ, ನೆಲದಲ್ಲಿರುವುದಕ್ಕಿಂತ ಜೋರಾದ ಗಾಳಿಯಲ್ಲಿ, ಒದ್ದೆ ಕೈಯಲ್ಲಿ ಕಬ್ಬಿಣ ಹಿಡಿದು ಕೂತವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಕ್ರೇನಿಗೆ ಸನ್ನೆ ಮಾಡುತ್ತಾ ಒಂದೇ ಕಡೆ ನಿಂತವರ ಬಗ್ಗೆಯೂ ಇಲ್ಲ.

ಕೆಲಸ ಮಾಡಿದ್ರೆ ಮೈ ತಾನಾಗೇ ಬಿಸಿಯಾಗುತ್ತೆ ಅನ್ನುವ ಮಾತು ಎಲ್ಲ ಸೈಟಿನಲ್ಲೂ ಕೇಳಿಬರುತ್ತದೆ. ಅರ್ಧ ನಿಜ. ಸುಮ್ನೆ ಕೂತವರ ಮೈ ಸುಮಾರು 100 ವ್ಯಾಟ್ ಶಾಖ ಹುಟ್ಟಿಸಿದರೆ, ಗುದ್ದಲಿ ಹಿಡಿದು ದುಡಿಯುವವರ ಮೈ 300ರಿಂದ 500 ವ್ಯಾಟ್ ಹುಟ್ಟಿಸುತ್ತದೆ. ಆದರೆ ಕಟ್ಟಡ ಕೆಲಸ ಒಂದೇ ಸಮ ನಡೆಯುವುದಿಲ್ಲ. ಅರ್ಧ ಗಂಟೆ ಬೆವರಿಳಿಯುವಂತೆ ದುಡಿದು, ಆಮೇಲೆ ಕಾಂಕ್ರೀಟಿನ ಲಾರಿಗೆ ಮುಕ್ಕಾಲು ಗಂಟೆ ಕಾಯಬೇಕು. ಬೆವರಿಗೆ ಒಳಗಿನ ಬಟ್ಟೆ ನೆನೆದಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಾಲು ವೇಗವಾಗಿ ಶಾಖವನ್ನು ದಾಟಿಸುತ್ತದೆ. ನಿಂತ ಕೂಡಲೇ ಮೈ ತಣ್ಣಗಾಗಲು ಶುರು. ಅನುಭವಿಗಳು ಬೆಳಗ್ಗೆ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಹಾಕಿಕೊಂಡು ಕೆಲಸ ಹಿಡಿಯುತ್ತಾರೆ. ಬಿಸಿ ಏರಿದಂತೆ ಒಂದು ಪದರ ತೆಗೆಯುತ್ತಾರೆ, ನಿಂತಾಗ ಮತ್ತೆ ಹಾಕುತ್ತಾರೆ. ಮೈಗೆ ತಾಗುವ ಪದರ ಹತ್ತಿಯದಾದರೆ ನೆನೆದು ಅಂಟಿಕೊಳ್ಳುತ್ತದೆ. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ.

ನನ್ನ ಪ್ರಕಾರ ಅತಿ ಕಡೆಗಣಿಸಿರುವ ಚಳಿ ಅಂದರೆ 0ಯಿಂದ 10 ಡಿಗ್ರಿಯ ನಡುವಿನ ಒದ್ದೆ ಚಳಿ. ಮೈನಸ್ 15ರಲ್ಲಿ ಹಿಮ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ಪ್ಲಸ್ 3ರಲ್ಲಿ ಸುರಿಯುವುದು ಮಳೆ. ಅದು ಜಾಕೆಟ್ಟಿನೊಳಗೆ, ಬೂಟಿನೊಳಗೆ, ಗ್ಲೌಸಿನೊಳಗೆ ಇಳಿಯುತ್ತದೆ. ಮಳೆಗೋ ಬೆವರಿಗೋ ಮೈ ನೆನೆದರೆ ನೀರು ಹೆಪ್ಪುಗಟ್ಟದ ಉಷ್ಣಾಂಶದಲ್ಲೂ ಹೈಪೋಥರ್ಮಿಯಾ ಆಗುತ್ತದೆ. ಟ್ರೆಂಚ್ ಫುಟ್ ಅನ್ನುವ ಕಾಲಿನ ಕಾಯಿಲೆಯಂತೂ ಕಾಲು ಸದಾ ಒದ್ದೆಯಾಗಿದ್ದರೆ 16 ಡಿಗ್ರಿಯಲ್ಲೂ ಬರಬಹುದು. ಪಾಯ ತೋಡಿದ ಗುಂಡಿಯಲ್ಲಿ ಮೊಣಕಾಲವರೆಗೆ ಕೆಸರು ನೀರಿನಲ್ಲಿ ದಿನವಿಡೀ ನಿಲ್ಲುವವರಿಗೆ ಥರ್ಮಾಮೀಟರ್ ನೋಡಿ ಧೈರ್ಯ ಹೇಳಿದರೆ ಏನು ಬಂತು? ಭೂಮಿ ಬಿಸಿಯಾಗುತ್ತಾ ಹೋದಂತೆ ಚಳಿ ದೇಶಗಳ ಎಷ್ಟೋ ಕಡೆ ಹಿಮದ ದಿನ ಕಡಿಮೆಯಾಗಿ ಮಳೆಯ ದಿನ ಹೆಚ್ಚುತ್ತಿವೆ. ಚಳಿಗಾಲ ಸೌಮ್ಯವಾಯಿತು ಅಂತ ಕೆಲಸ ನಿಲ್ಲಿಸದೆ ಮುಂದುವರಿಸುತ್ತಾರೆ. ಒದ್ದೆಯಾಗಿ ದುಡಿಯುವ ಗಂಟೆಗಳು ಜಾಸ್ತಿಯಾಗುತ್ತವೆ.

ಬೆಚ್ಚಗಾಗುವ ದಾರಿಯಲ್ಲೂ ಒಂದು ಅಪಾಯ ಕೂತಿದೆ. ಕಾಂಕ್ರೀಟಿಗೆ ಕಟ್ಟಿದ ಟೆಂಟಿನೊಳಗೆ ಡೀಸೆಲ್ ಅಥವಾ ಗ್ಯಾಸ್ ಹೀಟರ್ ಉರಿಯುತ್ತಿರುತ್ತದೆ. ಹೊರಗೆ ಕೊರೆಯುವ ಗಾಳಿ. ಕೆಲಸಗಾರರು ವಿರಾಮಕ್ಕೆ ಅಲ್ಲೇ ಹೋಗಿ ಕೂರುತ್ತಾರೆ, ಬೇರೆ ಜಾಗ ಇಲ್ಲದಿದ್ದರೆ ಇನ್ನೆಲ್ಲಿ ಕೂರಬೇಕು? ಹೊಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಸುಸ್ತು, ಮಂಪರು ಬರುತ್ತದೆ. ಚಳಿಯಲ್ಲಿ ದುಡಿದ ದಣಿವು ಅಂತಲೇ ಅನಿಸುತ್ತದೆ. ಕಣ್ಣು ಮುಚ್ಚಿದವರು ಏಳದಿರಬಹುದು. ಅದೇ ಹೀಟರಿನ ಹೊಗೆ ಹಸಿ ಕಾಂಕ್ರೀಟಿನ ಮೇಲ್ಮೈಯನ್ನೂ ಕೆಡಿಸಿ ಪುಡಿ ಏಳುವಂತೆ ಮಾಡುತ್ತದೆ. ಹಾಗಾಗಿ ಒಳ್ಳೆಯ ಎಂಜಿನಿಯರುಗಳು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡಿಸುತ್ತಾರೆ. ಅವರು ಕಾಪಾಡಹೊರಟದ್ದು ನೆಲವನ್ನಾದರೂ ಅದರಿಂದ ಜನರೂ ಉಳಿಯುತ್ತಾರೆ.

ನಿಯಮ ಎಲ್ಲಿದೆ

ಬ್ರಿಟನ್ನಿನಲ್ಲಿ ಒಳಾಂಗಣದ ಕೆಲಸದ ಜಾಗಕ್ಕೆ 16 ಡಿಗ್ರಿ, ಮೈಮುರಿದು ದುಡಿಯುವ ಕೆಲಸವಾದರೆ 13 ಡಿಗ್ರಿ ಅನ್ನುವ ಮಾರ್ಗಸೂಚಿ ಇದೆ. ಹೊರಗಿನ ಕೆಲಸಕ್ಕೆ ಇಂಥ ಸಂಖ್ಯೆ ಇಲ್ಲ. 2015ರ ಕಟ್ಟಡ ನಿಯಮಗಳು ಕೆಟ್ಟ ಹವೆಯಿಂದ ರಕ್ಷಣೆ ಇರಬೇಕು ಅನ್ನುತ್ತವೆ. ಬಿಸಿ ನೀರಿನ ಕೈತೊಳೆಯುವ ಜಾಗ, ನೀರು ಕುದಿಸಲು ಅನುಕೂಲ ಇರುವ ವಿಶ್ರಾಂತಿ ಕೋಣೆ, ಒದ್ದೆ ಬಟ್ಟೆ ಒಣಗಿಸುವ ವ್ಯವಸ್ಥೆ ಇರಬೇಕು ಅಂತಲೂ ಹೇಳುತ್ತವೆ. ಒದ್ದೆ ಬಟ್ಟೆ ಒಣಗಿಸುವ ಆ ಒಂದು ಸಾಲು ನನಗೆ ತುಂಬಾ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಊಟದ ಹೊತ್ತಿಗೆ ಗ್ಲೌಸ್ ಒಣಗದಿದ್ದರೆ ಮಧ್ಯಾಹ್ನದ ಪಾಳಿ ಒದ್ದೆ ಗ್ಲೌಸಿನಲ್ಲೇ ಅಲ್ವಾ?

ಅಮೆರಿಕದಲ್ಲಿ ಚಳಿಗೆ ಅಂತ ಪ್ರತ್ಯೇಕ ಕೇಂದ್ರ ನಿಯಮವಿಲ್ಲ. 1970ರ ಕಾಯ್ದೆಯಲ್ಲಿ, ಗೊತ್ತಿರುವ ಅಪಾಯಗಳಿಂದ ಕೆಲಸಗಾರರನ್ನು ಕಾಪಾಡಬೇಕು ಅನ್ನುವ ಸಾಮಾನ್ಯ ಹೊಣೆ ಇದೆ, ಅದರಡಿಯಲ್ಲೇ ಚಳಿಯೂ ಬರಬೇಕು. ಬಿಸಿಲಿಗೆ ಪ್ರತ್ಯೇಕ ನಿಯಮ ಬೇಕು ಅಂತ 2024ರ ಆಗಸ್ಟಿನಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಕರಡು ಪ್ರಕಟಿಸಿತು. ಅದು ಬೇಕಾದದ್ದೇ. ಬಿಸಿಲಿನ ಬಗ್ಗೆ ಇಷ್ಟಾದರೂ ಮಾತು ಎದ್ದಿದೆ. ಚಳಿಯ ಬಗ್ಗೆ ಎದ್ದಿಲ್ಲ.

ಇದೆಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಕೂಲಿಯದು. ಚಳಿ ಜಾಸ್ತಿಯಾಗಿ ಕೆಲಸ ನಿಂತರೆ ಆ ದಿನದ ದುಡ್ಡು ಯಾರು ಕೊಡುತ್ತಾರೆ?

ಇದು ಹಳೆಯ ಪ್ರಶ್ನೆ. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುವಾಗ ಚಳಿಗಾಲ ಬಂದರೆ ಗೋಡೆ ಕಟ್ಟುವುದನ್ನು ನಿಲ್ಲಿಸುತ್ತಿದ್ದರು. ಗಾರೆ ಹೆಪ್ಪುಗಟ್ಟಿ ಹಾಳಾಗದಿರಲಿ ಅಂತ ಅರ್ಧ ಕಟ್ಟಿದ ಗೋಡೆಯ ನೆತ್ತಿಗೆ ಹುಲ್ಲು, ಗೊಬ್ಬರ ಹಾಕಿ ಮುಚ್ಚುತ್ತಿದ್ದರು. ಕಲ್ಲು ಕೆತ್ತುವವರಿಗೆ ಸೂರಿನಡಿ ಕೆಲಸ ಸಿಗುತ್ತಿತ್ತು, ಹಗಲು ಚಿಕ್ಕದು ಅಂತ ಕೂಲಿ ಕಡಿಮೆ. ಗೋಡೆ ಕಟ್ಟುವವರನ್ನು ಮನೆಗೆ ಕಳಿಸುತ್ತಿದ್ದರು. ಗೋಡೆಗೆ ಆಗಲೂ ಹೊದಿಕೆ ಇತ್ತು.

ಕೆಲವು ದೇಶಗಳು ಇದಕ್ಕೆ ಉತ್ತರ ಹುಡುಕಿವೆ. ಫ್ರಾನ್ಸಿನಲ್ಲಿ 1946ರ ಅಕ್ಟೋಬರ್ 21ರ ಕಾನೂನಿನ ಪ್ರಕಾರ ಹವೆ ಕೆಟ್ಟು ಕೆಲಸ ನಿಂತರೆ ಕಟ್ಟಡ ಕೆಲಸಗಾರರಿಗೆ ಕೂಲಿಯ ಮುಕ್ಕಾಲು ಭಾಗ ಸಿಗುತ್ತದೆ, ವರ್ಷಕ್ಕೆ 55 ದಿನದವರೆಗೆ. ಕಟ್ಟಡ ಕಂಪನಿಗಳೆಲ್ಲ ಸೇರಿ ದುಡ್ಡು ಹಾಕುವ ನಿಧಿಯಿಂದ ಅದು ಬರುತ್ತದೆ. ಚಳಿ, ಹಿಮ, ಮಳೆಗೆ ಅಂತ ಮಾಡಿದ ಆ ಏರ್ಪಾಟಿಗೆ 2024ರಲ್ಲಿ ಬಿಸಿಗಾಳಿಯನ್ನೂ ಸೇರಿಸಿದರು. ಆಸ್ಟ್ರಿಯಾದಲ್ಲಿ 1957ರ ಕಾನೂನು ಇಂಥ ಗಂಟೆಗಳಿಗೆ ಶೇ. 60 ಕೊಡುತ್ತದೆ.

ಜರ್ಮನಿಯ ಅನುಭವ ಇನ್ನೂ ಜಾಸ್ತಿ ಕಲಿಸುತ್ತದೆ. ಅಲ್ಲಿ 1959ರಲ್ಲಿ ಕೆಟ್ಟ ಹವೆಯ ಭತ್ಯೆ ಶುರುವಾಯಿತು. 1990ರ ದಶಕದ ಮಧ್ಯದಲ್ಲಿ ಅದನ್ನು ತೆಗೆದರು. 2006ರಲ್ಲಿ ಬೇರೆ ರೂಪದಲ್ಲಿ ವಾಪಸ್ ತಂದರು. ಈಗ ಡಿಸೆಂಬರಿನಿಂದ ಮಾರ್ಚಿನವರೆಗೆ ಹವೆಯ ಕಾರಣಕ್ಕೆ ಕೆಲಸ ನಿಂತರೆ ಕಳೆದುಹೋದ ನಿವ್ವಳ ಕೂಲಿಯಲ್ಲಿ ಶೇ. 60, ಮಕ್ಕಳಿರುವವರಿಗೆ ಶೇ. 67 ಸಿಗುತ್ತದೆ. ಕಟ್ಟಡ ವಲಯದಲ್ಲಿ ಈ ನಾಲ್ಕು ತಿಂಗಳು ಹವೆಯ ನೆಪ ಹೇಳಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಹೊರಗೆ ದುಡಿದ ಗಂಟೆಗೆ ಒಂದು ಯೂರೋ ಹೆಚ್ಚುವರಿ. ಇಂಥ ಹೆಚ್ಚುವರಿ ಹಣಕ್ಕಾಗಿ ಮುಖ್ಯ ಕಟ್ಟಡ ವಲಯದಲ್ಲಿ ಕೂಲಿಯ ಮೇಲೆ ಶೇ. 2ರಷ್ಟು ವಂತಿಗೆ ಇದೆ. ಅದರಲ್ಲಿ 1.2 ಮಾಲೀಕರದು, 0.8 ಕೆಲಸಗಾರರದು.

ಇಲ್ಲಿ ಗಮನಿಸಬೇಕಾದದ್ದು ಮೊತ್ತವಲ್ಲ, ಅದು ಬದಲಾಯಿಸುವ ಮಾತುಕತೆ. ದಿನದ ಕೂಲಿ ಪೂರ್ತಿ ಹೋಗುತ್ತದೆ ಅನ್ನುವಾಗ ಬೆಳಗ್ಗೆ ಮೇಸ್ತ್ರಿ ಬಂದು ಇವತ್ತು ಹತ್ತಬಹುದಾ ಅಂತ ಕೇಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ? ಸಾರುವೆ ಮೇಲೆ ಮಂಜುಗಡ್ಡೆ ಕಂಡರೂ ಹತ್ತುತ್ತಾರೆ. ಮುಕ್ಕಾಲು ಕೂಲಿ ಕೈಗೆ ಬರುತ್ತದೆ ಅಂತ ಗೊತ್ತಿದ್ದರೆ ಆ ಮಂಜುಗಡ್ಡೆಯನ್ನು ಬೆರಳು ಮಾಡಿ ತೋರಿಸುವ ಧೈರ್ಯ ಬರುತ್ತದೆ. ಮೇಸ್ತ್ರಿಗೂ ಕೆಲಸ ನಿಲ್ಲಿಸುವುದು ಸುಲಭವಾಗುತ್ತದೆ.

ಈ ನಿಧಿಗಳಿಗೆ ದೊಡ್ಡ ತೂತುಗಳೂ ಇವೆ. ಕಾಗದದ ಮೇಲೆ ಸ್ವಂತ ಉದ್ಯೋಗಿ ಅಂತ ತೋರಿಸಿದವರಿಗೆ ಇದು ಸಿಗುವುದಿಲ್ಲ. ಗುತ್ತಿಗೆಯ ಕೆಳಗೆ ಗುತ್ತಿಗೆ, ಅದರ ಕೆಳಗೆ ಮತ್ತೊಂದು ಅಂತ ಇಳಿದಾಗ ಕೊನೆಯಲ್ಲಿ ದುಡಿಯುವವರ ಹೆಸರೇ ಪಟ್ಟಿಯಲ್ಲಿರುವುದಿಲ್ಲ. ಬಿಸಿ ದೇಶಗಳಿಂದ ಬಂದು ಮೊದಲ ಸಲ ಹಿಮ ನೋಡುತ್ತಿರುವ ವಲಸೆ ಕೆಲಸಗಾರರು ಅಲ್ಲೇ ಇರುವುದು. ಮರಗಟ್ಟುವುದು ಅಂದರೇನು ಅಂತ ಅವರಿಗೆ ಅವರ ಭಾಷೆಯಲ್ಲಿ ಹೇಳಿಕೊಟ್ಟವರಿಲ್ಲ. ಬೆರಳು ಮೇಣದಂತೆ ಬಿಳಿಯಾದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಮದ್ಯ ಕುಡಿದರೆ ಬೆಚ್ಚಗಾದಂತೆ ಅನಿಸಿ ಮೈಯ ಶಾಖ ಇನ್ನೂ ಬೇಗ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲದಿರಬಹುದು. ಗಡಗಡ ನಡುಗುತ್ತಿದ್ದ ಜೊತೆಗಾರ ನಡುಗುವುದನ್ನು ನಿಲ್ಲಿಸಿ, ಮಾತು ತೊದಲಿ, ನನಗೇನೂ ಆಗಿಲ್ಲ ಅಂತ ಗೊಣಗಿದರೆ ಅದು ಚೇತರಿಕೆಯಲ್ಲ, ತಕ್ಷಣ ಒಳಗೆ ಕರೆದೊಯ್ದು ಒದ್ದೆ ಬಟ್ಟೆ ತೆಗೆಸಿ ಹೊದಿಸಿ ಆಂಬುಲೆನ್ಸ್ ಕರೆಯಬೇಕಾದ ಹೊತ್ತು. ಇದನ್ನು ಪ್ರತಿ ಸೈಟಿನಲ್ಲಿ, ಪ್ರತಿಯೊಬ್ಬರಿಗೂ, ಮೊದಲ ದಿನವೇ ಹೇಳಬೇಕು. ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರನ್ನೊಬ್ಬರು ನೋಡಿಕೊಳ್ಳುವಂತೆ ಹೇಳುವುದಕ್ಕೆ ಖರ್ಚೂ ಇಲ್ಲ.

ಖರ್ಚು ಇರುವ ಕೆಲಸಗಳ ವಿಷಯದಲ್ಲಿ ದಾರಿ ಕಣ್ಣೆದುರೇ ಇದೆ. ಕಾಂಕ್ರೀಟಿನ ಹೊದಿಕೆ, ಹೀಟರ್, ಬಿಸಿ ನೀರು, ಥರ್ಮಾಮೀಟರ್ ಎಲ್ಲವೂ ಟೆಂಡರಿನಲ್ಲಿ ಚಳಿಗಾಲದ ರಕ್ಷಣೆ ಅನ್ನುವ ಬಾಬ್ತಿನಡಿ ಬೆಲೆ ಸಮೇತ ಬರುತ್ತವೆ. ಕಟ್ಟಿಸುವವರು ಅದಕ್ಕೆ ದುಡ್ಡು ಕೊಡುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಅದೇ ಪುಟದಲ್ಲಿ ಇನ್ನೂ ಕೆಲವು ಬಾಬ್ತು ಸೇರಬೇಕು: ಪ್ರತಿಯೊಬ್ಬರಿಗೂ ಎರಡು ಜೊತೆ ಗ್ಲೌಸ್, ಒಂದು ಜೊತೆ ಒಣಗುತ್ತಿರುವಾಗ ಹಾಕಿಕೊಳ್ಳಲು ಇನ್ನೊಂದು. ಬೆಚ್ಚನೆಯ ಕೋಣೆ, ಕೆಲಸದ ಜಾಗದಿಂದ ಎರಡು ನಿಮಿಷಕ್ಕೆ ತಲುಪುವಷ್ಟು ಹತ್ತಿರ. ಬಟ್ಟೆ ಒಣಗಿಸುವ ಸ್ಟ್ಯಾಂಡು. ಸಾರುವೆಯ ಮೇಲಿನ ಮಂಜುಗಡ್ಡೆ ಕೆರೆಯುವ ಬೆಳಗಿನ ಅರ್ಧ ಗಂಟೆ. ಮತ್ತೆ ಮೈ ಬೆಚ್ಚಗೆ ಮಾಡಿಕೊಳ್ಳುವ ನಿಮಿಷಗಳು, ಮೈನಸ್ 26ರಿಂದಲ್ಲ, 4 ಡಿಗ್ರಿಯಿಂದಲೇ, ಕೂಲಿ ಸಮೇತ. ಎಲ್ಲ ಕಂಟ್ರಾಕ್ಟರುಗಳೂ ಅದೇ ಪುಟ ತುಂಬಬೇಕಾದಾಗ, ಕೆಲಸಗಾರರ ಬೆರಳಿನ ಲೆಕ್ಕದಲ್ಲಿ ಉಳಿಸಿ ಕಡಿಮೆ ಬೆಲೆ ಹೇಳಿ ಕೆಲಸ ಹಿಡಿಯಲು ಯಾರಿಗೂ ಆಗುವುದಿಲ್ಲ.